ಜಿಗಿಯುವ ಗೇರು

ಓದು ಬಿಟ್ಟವನಿಗೆ ಕಿವಿ ಚುರುಕಾಗುತ್ತದೆ. ಮೂರನೇ ತರಗತಿಯಲ್ಲಿ ಮೇಷ್ಟ್ರು ಹಿಂಡಿ ಹಿಂಡಿ ಹದ ಮಾಡಿದ್ದರಿಂದಲೋ ಏನೋ, ಲಾರಿಯ ಗೇರುಪೆಟ್ಟಿಗೆಯ ನರಳಾಟ ನನ್ನ ಕಿವಿಗೆ ತಿಳಿದಷ್ಟು ಚೆಟ್ಟಳ್ಳಿಯಲ್ಲಿ ಬೇರೆ ಯಾರಿಗೂ ತಿಳಿಯದು. ಗೇರು ಹಾಕುವಾಗ ಕಿರುಚಿದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ, ಇಲ್ಲವೇ ಡ್ರೈವರನಿಗೆ ಅದನ್ನು ಎರಡು ಸಲ ತುಳಿಯುವ ತಾಳ್ಮೆಯಿಲ್ಲ. ಗೇರು ಹಾಕದೆ ನಿಂತಾಗಲೂ ಗೊಣಗಿದರೆ ಬೇರಿಂಗು ಸವೆದಿದೆ. ಇಂಜಿನ್ ಅರಚಿದರೂ ಲಾರಿ ಏರು ಹತ್ತದಿದ್ದರೆ ಕ್ಲಚ್ಚಿನ ತಟ್ಟೆ ಮುಗಿದಿದೆ. ಇಳಿಜಾರಿನಲ್ಲಿ ಗೇರು ತಾನಾಗಿ ಹೊರಕ್ಕೆ ಜಿಗಿದರೆ ಹಲ್ಲು ಸವೆದಿದೆ, ಇಲ್ಲವೇ ಒಳಗಿನ ಸ್ಪ್ರಿಂಗು ಸೋತಿದೆ. ಊರವರ ಲಾರಿಗಳಿಗೆಲ್ಲ ಹೀಗೆ ರೋಗ ಹೇಳುತ್ತಿದ್ದ ನಾನು, ನಾನೇ ಓಡಿಸುತ್ತಿದ್ದ ಎಸ್ಟೇಟಿನ ಲಾರಿಗೆ ಈ ಕೊನೆಯ ರೋಗ ಬಂದಾಗ ಎಸ್ಟೇಟಿನ ದೊರೆಯ ಮುಂದೆ ಬಾಯಿ ಬಿಡಲಿಲ್ಲ.

ಹಲ್ಲೇ ಸವೆದಿದೆ, ಅದೂ ನನ್ನ ಒರಟು ಕೈಯಿಂದಲೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಪೆಟ್ಟಿಗೆ ಬಿಚ್ಚಿದವನು ‘ಇದನ್ನು ಓಡಿಸಿದ ಪುಣ್ಯಾತ್ಮ ಯಾರು?’ ಎಂದು ಕೇಳದೆ ಬಿಡುತ್ತಾನೆಯೇ? ಹಾಗಾಗಿ ಒಂದು ಉಪಾಯ ಹುಡುಕಿದೆ. ಇಳಿಜಾರು ಬಂದಾಗ ಪಕ್ಕದಲ್ಲಿ ಕೂತವರು ಗೇರಿನ ಕೋಲನ್ನು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಬರಬರುತ್ತಾ ಎಸ್ಟೇಟಿನಲ್ಲಿ ಇದೇ ಪದ್ಧತಿಯಾಯಿತು. ಆಳುಗಳ ಕೆಲಸ ನೋಡುವ ಮೇಸ್ತ್ರಿಯ ಮೊಣಕಾಲಂತೂ ಎರಡನೇ ಗೇರಿಗೆಂದೇ ದೇವರು ಮಾಡಿಸಿದಂತಿತ್ತು. ದೇವಸ್ಥಾನದ ಭಟ್ಟರದು ಏಕಾದಶಿಯ ದಿನ ನಡುಗುತ್ತಿತ್ತು.

ಆಗಲೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಯ್ಯನವರ ಹೆಂಡತಿಗೆ ಹೆರಿಗೆ ನೋವು ಬಂತು. ಎರಡು ದಿನವಾದರೂ ಮಗು ಬರಲಿಲ್ಲ. ಲಾರಿಯಲ್ಲಿ ಗೋಣಿ ಹಾಸಿ ಆಕೆಯನ್ನು ಮಲಗಿಸಿ, ಬೆಳಿಗ್ಗೆಯೇ ಮಡಿಕೇರಿ ಆಸ್ಪತ್ರೆಗೆ ಹೊರಟೆವು. ರೈಟರೂ ಸೂಲಗಿತ್ತಿಯೂ ಹಿಂದೆ ಆಕೆಯ ಹತ್ತಿರ ಕೂತರು. ನನ್ನ ಪಕ್ಕದ ಸೀಟು ಖಾಲಿ.

“ಗೇರು ಹಿಡೀಲಿಕ್ಕೆ ಮೇಸ್ತ್ರೀನ ಕರೀಲಾ ಮಾರಾಯ?” ಎಂದರು ರೈಟರು.

“ಎಂತಕ್ಕೆ ಸಾರ್? ನಂಗೆ ಕೈ ಇಲ್ವಾ?”

“ಕೈ ಉಂಟು. ಬಾಯಿ ಅದಕ್ಕಿಂತ ಉದ್ದ ಉಂಟು. ನಡಿ ನಡಿ!” ಎಂದಳು ಸೂಲಗಿತ್ತಿ.

ಮೂರು ಮೈಲಿ ಕಳೆದ ಮೇಲೆ ಇಳಿಜಾರಿನ ತಿರುವಿನಲ್ಲಿ ಗೇರು ಜಿಗಿಯಿತು. ಸ್ಟಿಯರಿಂಗು ಎರಡೂ ಕೈ ಕೇಳುತ್ತಿತ್ತು, ಗೇರು ಮೂರನೆಯದನ್ನು ಕೇಳುತ್ತಿತ್ತು. ಬ್ರೇಕು ಸುಟ್ಟ ವಾಸನೆ ಕೊಟ್ಟಿತೇ ಹೊರತು ಲಾರಿಯನ್ನು ನಿಲ್ಲಿಸಲಿಲ್ಲ. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಮಣ್ಣಿನ ದಿಬ್ಬ. ದಿಬ್ಬಕ್ಕೆ ಗುದ್ದಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಲಾರಿ ಅಲ್ಲಿಂದ ಅಲುಗಲಿಲ್ಲ. ಹಿಂಬದಿಯ ಹಲಗೆ ಕಳಚಿ, ಆಕೆಯನ್ನು ಅದರ ಮೇಲೆ ಮಲಗಿಸಿ, ದಾರಿಹೋಕರನ್ನು ಕೂಡಿಸಿಕೊಂಡು ಹೊತ್ತು ನಡೆದೆವು. ಆಸ್ಪತ್ರೆ ಮುಟ್ಟುವಾಗ ಸಂಜೆಯಾಗಿತ್ತು. ತಾಯಿ ಉಳಿದಳು. ಮಗು ಅಳಲೇ ಇಲ್ಲ. “ಸ್ವಲ್ಪ ಮುಂಚೆ ಬಂದಿದ್ದರೆ...” ಎಂದ ಡಾಕ್ಟರು, ರೈಟರ ಮುಖ ನೋಡಿ ಒಳಗೆ ಹೋದರು.

ಆಮೇಲೆ ದೊರೆ ಗೇರುಪೆಟ್ಟಿಗೆ ಬಿಚ್ಚಿಸಿದರು. ಹಲ್ಲುಗಳು ಹೊಸದರಂತಿದ್ದವು. ಮುರಿದದ್ದು ಕಿರುಬೆರಳಿನಷ್ಟು ಉದ್ದದ ಒಂದು ಸ್ಪ್ರಿಂಗು. ಮೆಕ್ಯಾನಿಕ್ಕು ಬೀಡಿ ಸೇದಿ ಮುಗಿಸುವುದರೊಳಗೆ ಹೊಸದನ್ನು ಹಾಕಿದ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ರೈಟರು ಇಂದಿಗೂ ಸಿಕ್ಕಿದವರ ಮುಂದೆಲ್ಲ ನನ್ನ ಭುಜ ತಟ್ಟುತ್ತಾರೆ. “ಇವ ಆ ದಿನ ದಿಬ್ಬಕ್ಕೆ ತಿರುಗಿಸದೆ ಇದ್ದಿದ್ರೆ ನನ್ನ ಹೆಂಡ್ತಿನೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ. ಜಂಬದವನೆಂದೇ ಹೆಸರಾಗಿದ್ದ ನನ್ನನ್ನು ಚೆಟ್ಟಳ್ಳಿಯ ಜನ ಈಗ ವಿನಯವಂತ ಎನ್ನುತ್ತಾರೆ.