ತಿನ್ನುವ ಮಿಲಿಟರಿ ಟೋಪಿಗಳು

ಕೇಕು ಮಾಡುವವರು ನಗುವಿಗಾಗಿ ಎಲ್ಲೂ ಹುಡುಕಾಡಬೇಕಾಗಿಲ್ಲ, ಅದು ಆರ್ಡರಿನ ಜೊತೆಗೇ ಮನೆಗೆ ಬರುತ್ತದೆ. ನಾನು ಮುಂಬಯಿ ಹೊರವಲಯದ ಡೊಂಬಿವಲಿಯ ಫ್ಲ್ಯಾಟಿನ ಅಡುಗೆಮನೆಯಲ್ಲಿ ಕೇಕು ಮಾಡಿ ಮಾರಲು ಶುರುಮಾಡಿದಾಗ ಎಲ್ಲರ ಕೈಗೂ ವಾಟ್ಸ್‌ಆ್ಯಪ್ ಬಂದಿತ್ತು, ಅದರ ಹಿಂದೆಯೇ ದೇಶಭಕ್ತಿಯೂ ಬಂತು. ಲೋಕಲ್ ರೈಲಿನ ಕೊನೆಯ ಸ್ಟೇಷನ್ ಕಸಾರಾ ದಾಟಿ ಹೋಗದವರೂ ಹುಟ್ಟುಹಬ್ಬಕ್ಕೆ ಮಿಲಿಟರಿ ಟೋಪಿಯ ಆಕಾರದ ಕೇಕು ಕೇಳತೊಡಗಿದರು. ಮೇಲೆ ಕಾಡಿನ ಬಣ್ಣ ಬೇಕು: ಹಸಿರು, ಕಂದು, ಕಪ್ಪು ಮಚ್ಚೆ.

೧. ಬೂಸ್ಟು

ಮೊದಲ ಆರ್ಡರ್ ಘಣಸೋಲಿಯ ಒಬ್ಬರದು. ಸಕ್ಕರೆ ಹಿಟ್ಟಿಗೆ ಬಣ್ಣ ಕಲಸಿ, ಚಪಾತಿಯಂತೆ ಲಟ್ಟಿಸಿ, ಅಂಕುಡೊಂಕಾಗಿ ಕತ್ತರಿಸಿ ಒಂದೊಂದೇ ಮಚ್ಚೆ ಅಂಟಿಸುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಅತ್ತೆ ಫ್ರಿಜ್ ತೆರೆದವರು ಹಾಗೇ ನಿಂತರು.

“ಇದೆಂತ ಮಾರಾಯ್ತಿ, ಪೂರ್ತಿ ಬೂಸ್ಟು ಹಿಡಿದಿದೆಯಲ್ಲ?”

“ಅಲ್ಲ ಅತ್ತೆ, ಅದು ಡಿಸೈನು. ಕಾಡಿನಲ್ಲಿ ಸೈನಿಕರು ಕಾಣಬಾರದು ಅಂತ.”

ಅವರು ಫ್ರಿಜ್ ಮುಚ್ಚಿದರು. ಸೊಸೆ ಹಾಳು ಕೇಕನ್ನು ಮಾತಿನಲ್ಲಿ ದಾಟಿಸುತ್ತಿದ್ದಾಳೆ ಎಂದೇ ಅವರಿಗೆ ಖಾತ್ರಿಯಾಗಿರಬೇಕು. ಸಂಜೆ ಗಿರಾಕಿ ಬಂದಾಗ ಬಾಗಿಲವರೆಗೂ ಹೋಗಿ, ತಮಗೆ ಬರುವ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: “ಮೇಲಿಂದು ಕೆರೆದು ತೆಗೀರಿ. ಒಳಗೆ ಎಂತ ಆಗ್ಲಿಲ್ಲ.”

೨. ಪೋಸ್ಟಿಂಗ್

ಇನ್ನೊಂದು ಟೋಪಿಯನ್ನು ಥಾಣೆಗೆ ಮುಟ್ಟಿಸಬೇಕಿತ್ತು. ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಪೆಟ್ಟಿಗೆ ಎದೆಗವಚಿಕೊಂಡು ನಿಂತಿದ್ದೆ. ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ಕಿನ ಮೂಲಕ ಕಿಟಕಿ ಪಕ್ಕದ ಹೆಂಗಸು ಇಣುಕಿ ನೋಡಿದಳು.

“ಯಜಮಾನರ ಪೋಸ್ಟಿಂಗ್ ಎಲ್ಲಿ?”

“ಭಿವಂಡಿ,” ಎಂದೆ. ನನ್ನ ಗಂಡ ಅಲ್ಲಿನ ಗೋದಾಮಿನಲ್ಲಿ ಮ್ಯಾನೇಜರ್.

“ಪಾಪ, ಆ ರಸ್ತೆಯಲ್ಲಿ ದಿನಾ ಹೋಗಿ ಬರೋದೇ ಯುದ್ಧ,” ಎಂದು ಎದ್ದು ತನ್ನ ಸೀಟು ಬಿಟ್ಟುಕೊಟ್ಟಳು. ಆ ಲೋಕಲ್‌ನಲ್ಲಿ ಕಿಟಕಿ ಸೀಟು ಎಂದರೆ ಆಸ್ತಿ ಬರೆದುಕೊಟ್ಟ ಹಾಗೆ. ಒಬ್ಬ ಮುದುಕಿ ಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನಗೆ ಸಂಕಟವಾಯಿತು, ಆದರೆ ಕಾಲಿಗೆ ಸುಖವಾಗಿತ್ತು.

ಮುಂಬ್ರಾ ಬರುವಾಗ ಸೆಕೆಗೆ ವೆನಿಲಾದ ಪರಿಮಳ ಡಬ್ಬವೆಲ್ಲ ಹರಡಿತು. ಸೀಟು ಕೊಟ್ಟವಳು ಮೂಗರಳಿಸಿದಳು.

“ಇದು ಕೇಕಾ?”

“ಹೌದು.”

“ಹಾಗಾದ್ರೆ ಏಳಿ.”

೩. ಬಣ್ಣದ ಕಮಿಟಿ

ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ನರಿಗೆ ಅರವತ್ತು ತುಂಬಿತು. ಅವರಿಗೂ ಅದೇ ಟೋಪಿ ಬೇಕು. ಸೊಸೈಟಿಯ ಚುನಾವಣೆ ಹತ್ತಿರವಿದ್ದುದರಿಂದ ಬಣ್ಣವನ್ನು ಮಾತ್ರ ಅಳೆದು ಸುರಿದು ಹೇಳಿದರು.

“ಹಸಿರು ಜಾಸ್ತಿ ಬೇಡ, ಜನ ಬೇರೆ ಅರ್ಥ ಮಾಡ್ಕೊಳ್ತಾರೆ.”

“ಸ್ವಲ್ಪ ಕೇಸರಿ ಸೇರಿಸ್ಲಾ?”

“ಬೇಡ, ಬಿ ವಿಂಗಿನವರು ಮುನಿಸಿಕೊಳ್ತಾರೆ.” ಕಪ್ಪು ಅಪಶಕುನವೆಂದು ಅವರ ಹೆಂಡತಿ ತೆಗೆಸಿದರು. ಕಂದು ನೋಡಿದರೆ ಲೀಕೇಜಿನ ಕಲೆ ನೆನಪಾಗುತ್ತದೆಂದು ಸೆಕ್ರೆಟರಿ ತೆಗೆಸಿದರು. ಕೊನೆಗೆ ಉಳಿದದ್ದು ಅಪ್ಪಟ ಬಿಳಿ ಟೋಪಿ. ಚೇರ್ಮನ್ನರು ಅದನ್ನು ಕತ್ತರಿಸಿ ಹಂಚುವಾಗ ಟಾಪ್ ಫ್ಲೋರಿನ ಶೆಟ್ರು ತಟ್ಟೆ ಹಿಡಿದು ಹೇಳಿದರು: “ಇಷ್ಟು ವರ್ಷ ಹಾಕಿದ್ರಿ, ಇವತ್ತಾದ್ರೂ ತಿನ್ಲಿಕ್ಕೆ ಕೊಟ್ರಿ.”

೪. ಸತ್ಕಾರ

ಖಾರಘರದ ಒಂದು ಸಂಘದವರು ಗಣರಾಜ್ಯೋತ್ಸವಕ್ಕೆ ಕೇಕು ಹೇಳಿದ್ದರು. ಸ್ಥಳೀಯ ಪುಢಾರಿಯೊಬ್ಬರು ಮುಖ್ಯ ಅತಿಥಿ. ಅವರಿಗೆ ಶಾಲು, ತೆಂಗಿನಕಾಯಿ, ಜೊತೆಗೆ ನಿಜವಾದ ಮಿಲಿಟರಿ ಟೋಪಿ ಕೊಟ್ಟು ಸತ್ಕಾರ ಮಾಡುವುದಿತ್ತು. ಬಟ್ಟೆಯ ಟೋಪಿ ತರುವ ಮನುಷ್ಯ ಸಾಯನ್–ಪನ್ವೇಲ್ ಹೈವೇಯಲ್ಲಿ ಸಿಕ್ಕಿಕೊಂಡಿದ್ದ. ಇದನ್ನು ಅರಿಯದ ಯಾರೋ ಪುಣ್ಯಾತ್ಮರು ಮೇಜಿನ ಮೇಲಿದ್ದ ನನ್ನ ಕೇಕನ್ನೇ ಎತ್ತಿ ಶಾಲಿನ ಪಕ್ಕ ಹರಿವಾಣದಲ್ಲಿಟ್ಟಿದ್ದರು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ಕೈಬೀಸಿದೆ. ವೇದಿಕೆಯ ಮೇಲಿದ್ದ ಸಂಘದ ಅಧ್ಯಕ್ಷರೂ ನಗುತ್ತಾ ಕೈಬೀಸಿದರು.

ಅವರು ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿ, “ಭಾರ ಇದೆ, ಒರಿಜಿನಲ್ ಮಾಲು,” ಎಂದು ಮೈಕಿನಲ್ಲೇ ಹೇಳಿ, ಪುಢಾರಿಯ ತಲೆಯ ಮೇಲೆ ಒತ್ತಿ ಕೂರಿಸಿದರು.

ಟೋಪಿ ಕಿವಿಯವರೆಗೂ ಇಳಿಯಿತು. ಹಣೆಯ ಮೇಲೆ ಕ್ರೀಮು ಹರಿಯಿತು. ಸಭೆಯಲ್ಲಿ ನಗುವ ಧೈರ್ಯ ಯಾರಿಗಿದೆ? ಪುಢಾರಿಯ ಹಿಂಬಾಲಕರು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು.

ಪುಢಾರಿ ಅನುಭವಸ್ಥರು, ಅಲುಗಾಡಲಿಲ್ಲ. ತುಟಿಯವರೆಗೆ ಬಂದದ್ದನ್ನು ನಾಲಿಗೆಯಿಂದ ರುಚಿ ನೋಡಿ, ಅಧ್ಯಕ್ಷರ ಕಡೆ ಬಾಗಿ ಗಂಭೀರವಾಗಿ ಕೇಳಿದರು:

“ಇವತ್ತು ನಂಗೆ ಶನಿವಾರದ ವ್ರತ. ಇದ್ರಲ್ಲಿ ಮೊಟ್ಟೆ ಇಲ್ಲ ತಾನೆ?”