ಪರೀಕ್ಷೆಯಲ್ಲಿ ಪಾಸಾದ ನಮ್ಮ ನಲ್ಲಿ ನೀರು

ಮಾನ್ಯ ನೀರು ಸರಬರಾಜು ಕಚೇರಿಯ ಎಂಜಿನಿಯರ್ ಸಾಹೇಬರೇ,

ತಾವೂ ತಮ್ಮ ಮನೆಮಂದಿಯೂ ತಮ್ಮ ಕಚೇರಿಯ ಫಿಲ್ಟರೂ ಕ್ಷೇಮವೆಂದು ಭಾವಿಸಿ, ಮೂಲೆ ಅಂಗಡಿಯ ದರ್ಜಿಯಾದ ನಾನು ಮಾಡುವ ಸವಿನಯ ವಂದನೆಗಳು.

ಮೊದಲು ಉಪಕಾರ ಸ್ಮರಣೆ. ನಮ್ಮ ಬೀದಿಯ ಕುಡಿಯುವ ನೀರಿನ ಪೈಪನ್ನು ಒಂಟಿಯಾಗಿ ಬಿಡದೆ ಚರಂಡಿಯೊಳಗೇ ಹಾಯಿಸಿ, ಒಡೆದ ಕಡೆ ಸೈಕಲ್ ಟ್ಯೂಬ್ ಸುತ್ತಿಸಿದ್ದೀರಿ. ನೀರು ನಿಂತೊಡನೆ ಖಾಲಿ ಪೈಪು ಆ ಬಿರುಕಿನಿಂದ ಚರಂಡಿಯನ್ನು ಹೀರಿಕೊಂಡು, ಮರುದಿನ ಬೆಳಿಗ್ಗೆ ಮನೆಮನೆಗೂ ಭೇದಭಾವವಿಲ್ಲದೆ ಹಂಚುತ್ತದೆ. ಮೇಲಿನ ಬೀದಿಯ ಬಟ್ಟೆಗೆ ಬಣ್ಣ ಹಾಕುವವರು ಇಂದು ನೀಲಿ ಅದ್ದಿದರೋ ಕೆಂಪು ಅದ್ದಿದರೋ ಎಂಬುದು ನಮ್ಮ ನಲ್ಲಿಯಲ್ಲೇ ಗೊತ್ತಾಗುವುದರಿಂದ ನನಗೆ ನೂಲು ಆರಿಸುವ ಕೆಲಸ ಹಗುರಾಗಿದೆ.

ಇಷ್ಟಾದರೂ ನಾವು ದೂರು ಕೊಟ್ಟೆವು. ಪೈಪು ಬದಲಿಸುವ ಮುನ್ನ ನೀರು ಪರೀಕ್ಷಿಸಲು ತಮ್ಮ ಸಿಬ್ಬಂದಿ ನಮ್ಮ ಮನೆಗೇ ಬಂದರು. ನಲ್ಲಿಯವರೆಗೆ ನಡೆಯುವ ಶ್ರಮವೇಕೆಂದು ಫ್ಯಾನಿನ ಕೆಳಗೆ ಕುಳಿತು, ಬಾಟಲಿಯನ್ನು ನನ್ನ ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆಗೆ ಮನೆಯ ಮರ್ಯಾದೆಯೆಂದರೆ ಪ್ರಾಣ. "ಪರೀಕ್ಷೆ ಅಂದ್ಮೇಲೆ ನಮ್ಮನೆ ನೀರು ಫೇಲಾಗೋದಾ?" ಎಂದು ಒಳಗೆ ಹೋಗಿ, ಕುದಿಸಿ, ಆರಿಸಿ, ಬಿಳಿಬಟ್ಟೆಯಲ್ಲಿ ಸೋಸಿಟ್ಟಿದ್ದ ನೀರನ್ನೇ ತುಂಬಿಸಿಕೊಟ್ಟರು. ವರದಿ ಬಂತು: ನೀರು ಅತ್ಯುತ್ತಮ, ಪೈಪು ಬದಲಿಸುವ ಅಗತ್ಯವಿಲ್ಲ. ನಿಜ ಹೇಳಲು ನಾನು ಕಚೇರಿಗೆ ಓಡಿಬಂದಾಗ, ಪಾಸಾದ ನೀರನ್ನು ಮತ್ತೆ ಪರೀಕ್ಷೆಗೆ ಕೂರಿಸುವ ನಿಯಮವಿಲ್ಲವೆಂದು ತಾವೇ ಅಪ್ಪಣೆ ಕೊಡಿಸಿದಿರಿ.

ಈ ವರದಿಯನ್ನು ನಂಬಿದವಳಂತೆ ನನ್ನ ಮಗಳು ಆಟದ ನಡುವೆ ಓಡಿಬಂದು ನಲ್ಲಿಗೆ ಬಾಯಿಟ್ಟು ಕುಡಿದಳು. ಟೈಫಾಯ್ಡ್ ಎಂದರು ಡಾಕ್ಟರು. ಆಸ್ಪತ್ರೆ ಸೇರಿದವಳು ಜ್ವರದಲ್ಲಿ ಬಡಬಡಿಸುತ್ತಾ ನನ್ನ ಗುರುತೂ ಹಿಡಿಯುತ್ತಿಲ್ಲ. ಅತ್ತಿಗೆ ಅವಳ ಮಂಚ ಬಿಟ್ಟು ಕದಲದೆ, ಬಾಟಲಿ ತುಂಬಿಸಿದ ಕೈಯನ್ನೇ ಶಪಿಸುತ್ತಾ ಕುಳಿತಿದ್ದಾರೆ.

ಆದಕಾರಣ ತಾವು ದಯಮಾಡಿ ರೋಗಾಣುಗಳಿಗೆ ವರದಿಯ ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ನಮ್ಮ ನೀರಿನಲ್ಲಿ ಅವು ಇಲ್ಲವೇ ಇಲ್ಲವೆಂದು ಮನವರಿಕೆ ಮಾಡಿಕೊಡಬೇಕು. ಅದಾಗದಿದ್ದರೆ ಚರಂಡಿಗೆ ನೋಟಿಸು ಕೊಟ್ಟು, ಪೈಪಿನಿಂದ ಒಂದು ಮಾರು ದೂರ ಹರಿಯುವಂತೆ ಆಜ್ಞಾಪಿಸಬೇಕು. ಅದೂ ಆಗದಿದ್ದರೆ ಮಾತ್ರ, ಪೈಪು ಬದಲಿಸುವಂಥ ಸಣ್ಣ ಕೆಲಸದ ಕಡೆ ತಮ್ಮ ಗಮನ ಹರಿಯಲಿ.

ಉತ್ತರದ ಹಾದಿ ಕಾಯುತ್ತಾ ಆಸ್ಪತ್ರೆಯ ಬೆಂಚಿನ ಮೇಲಿರುವ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ವಿ.ಸೂ.: ನಲ್ಲಿಯಿಂದ ನೇರ ಹಿಡಿದ ಒಂದು ಬಾಟಲಿ ನೀರನ್ನು ಇದರ ಜೊತೆ ಕಳುಹಿಸಿದ್ದೇನೆ. ನಿಯಮ ಅಡ್ಡ ಬಂದು ಪರೀಕ್ಷೆ ಮಾಡಿಸಲಾಗದಿದ್ದರೆ, ತಮ್ಮದೇ ವರದಿಯನ್ನು ನಂಬಿ ದಯವಿಟ್ಟು ಕುಡಿದುಬಿಡಿ. ನನ್ನ ಮಗಳ ಪಕ್ಕದ ಮಂಚ ಖಾಲಿಯಿದೆ.