ಚಂದ್ರ ಬಿಟ್ಟರೂ ಸೂರ್ಯ ಬಿಡದ ಮನೆ

ಮನೆ ಕೊಳ್ಳುವುದು ಕಷ್ಟ ಎನ್ನುವವರನ್ನು ಕಂಡರೆ ಆಗ ನನಗೆ ನಗು ಬರುತ್ತಿತ್ತು. ಮನೆ ನೋಡಬೇಕು, ಒಪ್ಪಬೇಕು, ಪತ್ರಕ್ಕೆ ರುಜು ಹಾಕಬೇಕು. ದಿನವೂ ಪಂಪು ಬಿಚ್ಚಿ ಜೋಡಿಸುವವನಿಗೆ ಇದೊಂದು ಕೆಲಸವೇ? "ಬರುವ ವಾರ ಬೀಗದ ಕೈ ನಿನ್ನ ಸೊಂಟದಲ್ಲಿರುತ್ತೆ," ಎಂದು ಹೆಂಡತಿ ಸರೋಜಳಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು. ಅವಳು ಸುಮ್ಮನಿದ್ದರೆ ನನ್ನ ಮಾತನ್ನು ನಂಬಿದಳು ಎಂದುಕೊಳ್ಳುತ್ತಿದ್ದೆ. ಮಗಳ ಮದುವೆಯಾದರೂ ನನಗೆ ಆ ಭ್ರಮೆ ಬಿಟ್ಟಿರಲಿಲ್ಲ.

ಈಗ ಅವಳಿಲ್ಲ. ಹೋದ ವರ್ಷ ತೀರಿಕೊಂಡಳು. ಅವಳ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಮೊದಲು ನೆನಪಾಗುವುದು ಈ ಮನೆಯ ಕಥೆಯೇ. ನಾನು ಇದನ್ನು ಹೇಳುವಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆದ್ದರಿಂದ ಹಾಗೆಯೇ ಹೇಳುತ್ತೇನೆ.

ಆಗ ನಾವು ಕೊಯಮತ್ತೂರಿನ ಗಾಂಧಿಪುರಂ ಹಿಂದಿನ ಒಂದು ಲೈನ್ ಮನೆಯಲ್ಲಿದ್ದೆವು. ಸಾಲಿನ ಎಲ್ಲ ಸಂಸಾರಗಳಿಗೂ ಒಂದೇ ನಲ್ಲಿ. ಮಗಳು ವಸಂತ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಹಂಡೆಗಟ್ಟಲೆ ನೀರು ಹುಯ್ಯಬೇಕು. ಇಲ್ಲಿ ಒಂದು ಕೊಡ ನೀರಿಗೂ ಪಂಚಾಯಿತಿ. ಕೂಸು ಹುಟ್ಟುವ ಮೊದಲು ಬಾವಿ ಇರುವ ಸ್ವಂತ ಮನೆಗೆ ಹೋಗಬೇಕು. ಸರೋಜಳ ಆಸೆ ಅಷ್ಟೇ. ಹತ್ತಿರದ ಕಿಣತ್ತುಕಡವು ಊರಿನ ಗೌಂಡರೊಬ್ಬರು ಕೊಯಮತ್ತೂರಿನ ಅಂಚಿನಲ್ಲಿದ್ದ ತಮ್ಮ ಚಿಕ್ಕ ಮನೆ ಮಾರುವವರಿದ್ದರು. ಬಾವಿ ಇತ್ತು. ಎಲೆ ಅಡಿಕೆ ಬದಲಾಯಿಸಿ ಮಾತು ಮುಗಿಸಿದೆವು.

ಆಮೇಲೆ ನನ್ನ ಅಕ್ಕ ಬಂದಳು.

ಅಕ್ಕನ ಹತ್ತಿರ ಮೈಸೂರಿನಿಂದ ತರಿಸಿದ ಕನ್ನಡ ಪಂಚಾಂಗ ಇರುತ್ತದೆ. ಅವಳಿಗೆ ಕನ್ನಡ ಓದಲು ಬಾರದು. ನಾನು ಓದಬೇಕು, ಓದಿದ್ದಕ್ಕೆ ಅವಳು ನನ್ನನ್ನು ಬೈಯಬೇಕು. ಇದು ನಮ್ಮ ವಂಶದ ಪದ್ಧತಿ!

"ನಾಡಿದ್ದಿಂದ ಆಷಾಢ ಅಂತ ನೀನೇ ಓದಿದೆಯಲ್ಲೊ! ಆಷಾಢದಾಗ ಯಾರಾದ್ರೂ ಮನೆ ವಾಂಗ್ತಾರಾ?"

"ಒಂದು ತಿಂಗಳು ತಾನೆ ಅಕ್ಕಾ, ಕಾದು ಕೊಂಡ್ಕೊಳ್ಳೋಣ," ಎಂದೆ ಉದಾರವಾಗಿ.

"ವಸಂತಂಗೆ ಈಗ ಏಳು ತಿಂಗಳು," ಎಂದಳು ಸರೋಜ ಒಳಗಿನಿಂದ.

ಬಸ್ಸು ಹತ್ತಿ ಹೋಗಿ ಗೌಂಡರಲ್ಲಿ ಒಂದು ತಿಂಗಳ ವಾಯಿದೆ ಬೇಡಿದೆ. ಪಾಪ, ಒಪ್ಪಿದರು. ಆಷಾಢ ಮುಗಿದ ಮರುದಿನ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ವೇಷ್ಟಿ ಉಟ್ಟು, ದಿಗ್ವಿಜಯಕ್ಕೆ ಹೊರಟವನಂತೆ ಮತ್ತೆ ಹೋದೆ.

"ವಾಂಗೊ, ವಾಂಗೊ!" ಎಂದು ಬರಮಾಡಿಕೊಂಡು ಗೌಂಡರು ಮಜ್ಜಿಗೆ ಕೊಟ್ಟರು. ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಗೋಡೆಯ ಮೇಲಿನ ದಿನದ ಕ್ಯಾಲೆಂಡರ್ ತೋರಿಸಿದರು. "ಆಡಿ ಪೊರಂದಿರುಚ್ಚುಂಗೊ!"

ಅಂದರೆ ತಮಿಳರ ಆಡಿ ತಿಂಗಳು ಹುಟ್ಟಿಬಿಟ್ಟಿತ್ತು! ನಮಗೆ ಆಷಾಢ ಆಗದು, ಅವರಿಗೆ ಆಡಿ ಆಗದು. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಅವರದು ಸೂರ್ಯನ ಲೆಕ್ಕ. ಚಂದ್ರ ಬಿಟ್ಟರೂ ಸೂರ್ಯ ಬಿಡಲಿಲ್ಲ. ತಾತ ಮುತ್ತಾತನ ಕಾಲದಿಂದ ಈ ಸೀಮೆಯಲ್ಲಿ ಬಾಳಿ, ಗೋಡೆಗೊಂದು ತಮಿಳು ಕ್ಯಾಲೆಂಡರ್, ಪೆಟ್ಟಿಗೆಗೊಂದು ಕನ್ನಡ ಪಂಚಾಂಗ ಇಟ್ಟುಕೊಂಡ ಮನುಷ್ಯನಿಗೆ ಇಷ್ಟು ಹೊಳೆಯಬಾರದೆ? ಹೊಳೆಯಲಿಲ್ಲ.

"ಅವರು ನಮಗೋಸ್ಕರ ಕಾದರು. ಈಗ ನಾವು ಕಾಯೋದು ನ್ಯಾಯ," ಎಂದು ಮನೆಯಲ್ಲಿ ತೀರ್ಪು ಕೊಟ್ಟೆ.

"ನ್ಯಾಯ ಸರಿ," ಎಂದಳು ಸರೋಜ. "ಆಡಿ ಮುಗಿಲಿ, ಆಮೇಲೆ ಬಾ ಅಂತ ಕೂಸಿಗೆ ಯಾರು ಹೇಳೋದು? ನೀವಾ, ಅತ್ತಿಗೆಯಾ?"

ಅಷ್ಟರಲ್ಲಿ ತಿರುಪ್ಪೂರಿನ ಬನಿಯನ್ ವ್ಯಾಪಾರಿಯೊಬ್ಬ ಆ ಮನೆಯನ್ನು ಗೋಡೌನಿಗೆ ಕೇಳಿ ಹೋದ ಎಂಬ ಸುದ್ದಿ ಬಂತು. ಅವನಿಗೆ ಆಷಾಢವೂ ಇಲ್ಲವಂತೆ, ಆಡಿಯೂ ಇಲ್ಲವಂತೆ. ಸರೋಜ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಎರಡೂ ಪಂಚಾಂಗಗಳನ್ನು ಹರಡಿಕೊಂಡು ಕುಳಿತು, ಚಂದ್ರನೂ ಸೂರ್ಯನೂ ಒಟ್ಟಿಗೆ ತಲೆಯಾಡಿಸುವ ಒಂದು ಶುಕ್ರವಾರವನ್ನು ಹುಡುಕಿ ತೆಗೆದೆ.

ಆ ದಿನ ಪತ್ರ ನೋಂದಾಯಿಸುವ ಆಫೀಸಿಗೆ ನಾವಿಬ್ಬರು, ಅಕ್ಕ, ಗೌಂಡರು, ಸಾಕ್ಷಿ ಹಾಕಲು ನನ್ನ ವರ್ಕ್‌ಶಾಪಿನ ಇಬ್ಬರು ಹೋದೆವು. ಉದ್ದ ಸಾಲು. ನಮ್ಮ ಸರದಿ ಬರುವಾಗ ಗಂಟೆ ಹತ್ತೂವರೆ.

"ರಾಹುಕಾಲ!" ಎಂದರು ಅಕ್ಕ ಮತ್ತು ಗೌಂಡರು ಒಂದೇ ಉಸಿರಿಗೆ. ಅವರಿಬ್ಬರು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಸಾಲಿನಿಂದ ಹೊರಗೆ ಬಂದೆ. ಬಂದವನು ಸುಮ್ಮನಿರಬಾರದೆ? ಹಿಂದಿದ್ದವರಿಗೆಲ್ಲ ತಿರುಗಿ, ಹನ್ನೆರಡರವರೆಗೆ ರಾಹುಕಾಲವೆಂದೂ, ಈ ಹೊತ್ತಿನಲ್ಲಿ ಕೊಂಡ ಆಸ್ತಿ ನಿಲ್ಲುವುದಿಲ್ಲವೆಂದೂ ಗಂಭೀರವಾಗಿ ಉಪದೇಶ ಮಾಡಿದೆ. ಒಬ್ಬೊಬ್ಬರಾಗಿ ಎಲ್ಲರೂ ಹೊರಬಂದು ಬೇವಿನ ಮರದ ಕೆಳಗೆ ಕುಳಿತರು. ರಿಜಿಸ್ಟ್ರಾರರು ಪೇಪರ್ ಓದತೊಡಗಿದರು. ಹನ್ನೆರಡು ಹೊಡೆಯಿತು. ನಾನೇ ಎಚ್ಚರಿಸಿದ್ದ ಆ ಜನವೆಲ್ಲ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿತು! ನಾವು ಕಟ್ಟಕಡೆ. ಮಧ್ಯೆ ಊಟದ ಹೊತ್ತು. ಮತ್ತೆ ನಮ್ಮ ಸರದಿ ಬರುವಾಗ ನನ್ನ ವಾಚಿನಲ್ಲಿ ಮೂರು ಗಂಟೆ.

"ಯಮಗಂಡ!" ಈ ಸಲ ಕೂಗಿದ್ದು ನಾನೇ.

ರಿಜಿಸ್ಟ್ರಾರರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಮತ್ತೆ ನಾವೆಲ್ಲ ಮರದ ಕೆಳಗೆ. ನಾಳೆ ಅಷ್ಟಮಿ, ನಾಡಿದ್ದು ನವಮಿ, ಇನ್ನೇನು ಪಿತೃಪಕ್ಷ ಎಂದು ಅಕ್ಕ ಬೆರಳು ಮಡಿಸತೊಡಗಿದಳು.

ಸರೋಜ ಗೌಂಡರ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ವಾಚಿನಾಗ ಮಣಿ ಎಷ್ಟು?"

"ಮೂರು ಹತ್ತಮ್ಮಾ."

"ನಮ್ಮವರದ್ದು ಈಗ ತಾನೆ ಮೂರು. ಆಫೀಸಿನ ಗಡಿಯಾರದಾಗ ಮೂರಾಗೋಕೆ ಇನ್ನೂ ಐದು ನಿಮಿಷ ಐತೆ. ಯಮ ಯಾರ ವಾಚು ನೋಡ್ಕೊಂಡು ಬರ್ತಾನೆ?"

ಗೌಂಡರಿಗೆ ನಗು ತಡೆಯಲಾಗಲಿಲ್ಲ.

"ನನ್ನ ಮಗಳು ಕೂತ್ರೆ ಏಳೋಕಾಗಲ್ಲ, ಅಣ್ಣಾ. ಒಳಗೆ ಜಾಗ ಖಾಲಿ ಐತೆ, ಬನ್ನಿ." ಇಷ್ಟು ಹೇಳಿ ನಡೆದೇಬಿಟ್ಟಳು. ಗೌಂಡರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಿಂದೆ ಹೋದರು. ಅಕ್ಕ ಗೊಣಗುತ್ತಾ ಹೋದಳು. ಸಾಕ್ಷಿಗಳೂ ಹೋದರು. ನಾನು ಯಮಗಂಡದ ದೋಷಗಳನ್ನು ಆಗ ತಾನೆ ಬಂದ ಇನ್ನೊಬ್ಬರಿಗೆ ವಿವರಿಸಿ ಮುಗಿಸಿ ಒಳಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯನ್ನು ಸರೋಜಳ ಹೆಸರಿಗೇ ಬರೆಸಿದ್ದೆವು; ನನ್ನ ರುಜು ಎಲ್ಲಿಯೂ ಬೇಕಿರಲಿಲ್ಲ!

"ಇವರು ಯಾರು?" ಎಂದರು ರಿಜಿಸ್ಟ್ರಾರರು.

"ನಮ್ಮ ಮನೆಯವರು," ಎಂದಳು ಸರೋಜ, ಸ್ವಲ್ಪ ಸಂಕೋಚದಿಂದ.

ಆ ವಾರವೇ ಹಾಲು ಕಾಯಿಸಿ ಹೊಸ ಮನೆಗೆ ಹೋದೆವು. ಹದಿನೈದು ದಿನದೊಳಗೆ ಮೊಮ್ಮಗಳು ಹುಟ್ಟಿದಳು. ಸರೋಜ ಬಾವಿಯಿಂದ ಸೇದಿ ಸೇದಿ ತಾಯಿ ಮಗುವಿಗೆ ನೀರು ಹುಯ್ದಳು. ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೊನ್ನೆ ಎದುರು ಮನೆಯವರು ಬಂದಿದ್ದರು. ಅವರೂ ಒಂದು ಮನೆ ಕೊಳ್ಳುತ್ತಾರಂತೆ. ಒಳ್ಳೆಯ ಹೊತ್ತು ನೋಡಿ ಕೊಡಬೇಕಂತೆ. ಅನುಭವಿಯಲ್ಲವೇ ನಾನು! ಆಷಾಢದಿಂದ ಹಿಡಿದು ಯಮಗಂಡದವರೆಗೆ ಅರ್ಧ ಗಂಟೆ ಪ್ರವಚನ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ನಿಮ್ಮ ಮನೆಯಮ್ಮ ಯಾವ ಹೊತ್ತಲ್ಲಿ ಮಾಡಿದರು?" ಎಂದರು.

"ಅವಳು ಹೊತ್ತು ನೋಡಲಿಲ್ಲ. ಎದ್ದು ಒಳಗೆ ಹೋದಳು," ಎಂದೆ.

"ಅಷ್ಟು ಸಾಕು ಸಾರ್," ಎಂದು ಅವರು ಎದ್ದು ಹೋದರು. ಈ ಬೀದಿಯಲ್ಲಿ ಒಬ್ಬರು ನನ್ನ ಸಲಹೆ ಕೇಳಿ ನಡೆದದ್ದು ಇದೇ ಮೊದಲು. ಆ ಸಲಹೆಯೂ ನನ್ನದಲ್ಲ!